ಹೊಲಿಗೆ ಬಿಚ್ಚಿದ ಮೇಲಿನ ದಿನಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಿಮ್ಮ ಆರೋಗ್ಯ ಪುರವಣಿಯಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸಕರ ಪರಿಚಯ ಬಂದಾಗಲೆಲ್ಲ ತಪ್ಪದೆ ಓದುತ್ತೇನೆ. ಎಲ್ಲಿ ಓದಿದರು, ಎಷ್ಟು ಸಾವಿರ ಆಪರೇಷನ್ ಮಾಡಿದರು, ರೋಬೊ ಬಳಸುತ್ತಾರೋ ಇಲ್ಲವೋ, ಇಷ್ಟು ವಿವರ ಇದ್ದೇ ಇರುತ್ತದೆ. ನಾನು 28 ವರ್ಷ ಸರ್ಜಿಕಲ್ ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಆ ಪರಿಚಯಗಳಲ್ಲಿ ಒಂದು ಲೆಕ್ಕ ಮಾತ್ರ ನನಗೆ ಎಂದೂ ಸಿಕ್ಕಿಲ್ಲ. ಆ ವೈದ್ಯರ ಕೈಯಲ್ಲಿ ಆಪರೇಷನ್ ಆದವರಲ್ಲಿ ಎಷ್ಟು ಜನ ಚಿಕಿತ್ಸೆಯನ್ನು ಕೊನೆಯವರೆಗೆ ಮುಗಿಸಿಕೊಂಡರು?

ಕೈಚಳಕವನ್ನು ಕಡೆಗಣಿಸಿ ಈ ಮಾತು ಹೇಳುತ್ತಿಲ್ಲ. ಎಂಬಿಬಿಎಸ್ಸಿಗೆ ಐದೂವರೆ ವರ್ಷ, ಎಂಎಸ್‌ಗೆ ಮೂರು, ಅದಾದ ಮೇಲೆ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಎಂಸಿಎಚ್‌ಗೆ ಇನ್ನೂ ಮೂರು. ಅಷ್ಟು ಓದಿ ಬಂದವರ ಕೆಲಸವನ್ನು ಹತ್ತಿರ ನಿಂತು ನೋಡಿದ್ದೇನೆ. ನಮ್ಮ ಕಡೆ ಹೆಚ್ಚು ಬರುವುದು ಬಾಯಿ ಕ್ಯಾನ್ಸರ್. ಗುಟ್ಕಾ, ಅಡಿಕೆ ಅಗಿದು ಅಗಿದು ಬಾಯಿ ಎರಡು ಬೆರಳೂ ಹೋಗದಷ್ಟು ಬಿಗಿದಿರುತ್ತದೆ. ಕೆನ್ನೆಯೊಳಗಿನ ಗಡ್ಡೆಯನ್ನು ಅದರ ಸುತ್ತ ಒಂದು ಸೆಂಟಿಮೀಟರಿನಷ್ಟು ಒಳ್ಳೆಯ ಮಾಂಸದ ಸಮೇತ ತೆಗೆಯಬೇಕು, ಬೇಕಾದರೆ ದವಡೆಯ ಎಲುಬನ್ನೂ ಕೊಯ್ಯಬೇಕು, ಎದೆಯ ಸ್ನಾಯುವನ್ನು ರಕ್ತನಾಳ ಸಮೇತ ಎಬ್ಬಿಸಿ ತಂದು ಕೆನ್ನೆ ಕಟ್ಟಬೇಕು. ಕ್ಯಾನ್ಸರ್ ಮೊದಲು ಹರಡುವ ಕುತ್ತಿಗೆಯ ದುಗ್ಧಗ್ರಂಥಿಗಳನ್ನು ಬಿಡಿಸುವಾಗ ಅಲ್ಲೊಂದು ನೂಲಿನಂಥ ನರ ಅಡ್ಡ ಬರುತ್ತದೆ. ಅದು ತುಂಡಾದರೆ ಭುಜ ಜೋತುಬಿದ್ದು ತೋಳು ಮೇಲಕ್ಕೆ ಏಳುವುದಿಲ್ಲ. ನಮ್ಮಲ್ಲಿದ್ದ ಹಿರಿಯ ಸರ್ಜನ್ ಒಬ್ಬರು ಆಪರೇಷನ್ನಿನ ಹಿಂದಿನ ದಿನ ಪ್ರತಿ ರೋಗಿಯನ್ನೂ "ನೀನು ಏನು ಕೆಲಸ ಮಾಡ್ತೀಯಪ್ಪ?" ಎಂದು ಕೇಳುತ್ತಿದ್ದರು. ಸುಮ್ಮನೆ ಮಾತಾಡಿಸಲಿಕ್ಕೆ ಕೇಳುತ್ತಾರೆ ಅಂದುಕೊಂಡಿದ್ದೆ. ಆ ನರ ಉಳಿಯದಿದ್ದರೆ ಹಮಾಲಿ ಮಾಡುವವನ ಅನ್ನವೇ ಹೋಗುತ್ತದೆ ಎಂಬ ಲೆಕ್ಕ ಅದರ ಹಿಂದಿತ್ತು ಎಂದು ತಿಳಿಯಲು ನನಗೆ ಕೆಲವು ವರ್ಷಗಳೇ ಬೇಕಾದವು.

ಕೈಯಷ್ಟೇ ಅಲ್ಲ, ಯಾವಾಗ ಏನು ತೆಗೆಯಬೇಕೆಂಬ ತೀರ್ಮಾನವೂ ಪರಿಣತಿಯೇ. ಬಾಯಿ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಕಾಣದಿದ್ದಾಗ ಅಲ್ಲಿನ ಗ್ರಂಥಿಗಳನ್ನು ಆಗಲೇ ತೆಗೆಯಬೇಕೋ, ಗಂಟು ಬಂದ ಮೇಲೆ ನೋಡಿದರಾಯಿತೋ ಎಂಬ ವಾದ ಬಹುಕಾಲ ನಡೆದಿತ್ತು. ಅದಕ್ಕೆ ಗಟ್ಟಿ ಉತ್ತರ ಬಂದದ್ದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯಿಂದ. ಡಾ. ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಮೊದಲೇ ಗ್ರಂಥಿ ತೆಗೆಸಿಕೊಂಡವರಲ್ಲಿ ಮೂರು ವರ್ಷದ ಬಳಿಕ ಬದುಕಿದ್ದವರು ಶೇ 80, ಕಾದು ನೋಡಿದ ಗುಂಪಿನಲ್ಲಿ ಶೇ 67.5. ನಮ್ಮದೇ ದೇಶದ ರೋಗಿಗಳ ಮೇಲೆ ನಡೆದ ಕೆಲಸದಿಂದ ಜಗತ್ತಿನ ಸರ್ಜನ್‌ಗಳು ಪಾಠ ಕಲಿತರು. ಇದನ್ನು ನೆನೆದಾಗ ಈಗಲೂ ನನಗೆ ಹೆಮ್ಮೆಯಾಗುತ್ತದೆ.

ಇನ್ನು ನನ್ನ ಅಣ್ಣನ ವಿಷಯ. ಮಾನ್ವಿ ತಾಲ್ಲೂಕಿನಲ್ಲಿ ಮೂರು ಎಕರೆ ಹತ್ತಿ ಬೆಳೆಯುತ್ತಿದ್ದ. ಎಡಗೆನ್ನೆಯಲ್ಲಿ ಹುಣ್ಣಾಗಿ ಮಾಯಲಿಲ್ಲ. "ತುಂಡು ತೆಗೆದು ಪರೀಕ್ಷೆ ಮಾಡಿದ್ರ ಹಬ್ಬತೈತಿ" ಎಂದು ಊರವರು ಹೆದರಿಸಿದ್ದರಿಂದ ಮೂರು ತಿಂಗಳು ಹೋಯಿತು. ಕೊನೆಗೆ ನಾನೇ ಹಟ ಹಿಡಿದು ದೂರದ ಊರಿನ ಆಸ್ಪತ್ರೆಗೆ ಸೇರಿಸಿದೆ. ಆಪರೇಷನ್ ಬಹಳ ಚೆನ್ನಾಗಿ ಆಯಿತು. ಅಷ್ಟು ನಾಜೂಕಾದ ಹೊಲಿಗೆಯನ್ನು ನಾನು ಅಪರೂಪಕ್ಕೆ ನೋಡಿದ್ದೇನೆ. ಕುತ್ತಿಗೆಯ ಗ್ರಂಥಿಗೂ ಹರಡಿದೆ ಎಂದು ಪೆಥಾಲಜಿ ವರದಿ ಬಂದಿದ್ದರಿಂದ ರೇಡಿಯೇಷನ್ ಬರೆದರು. ವಾರಕ್ಕೆ ಐದು ದಿನದಂತೆ ಆರು ವಾರ, ಒಟ್ಟು 30 ಸಲ. ಅಣ್ಣ ತೆಗೆದುಕೊಂಡಿದ್ದು ಹನ್ನೊಂದು. "ಗಂಟು ತೆಗೆದಾರ, ಹೊಲಿಗಿನೂ ಬಿಚ್ಯಾರ. ಇನ್ನ ಈ ಕರೆಂಟ್ ಯಾಕ ಬೇಕು ತಂಗಿ? ಹತ್ತಿ ಹೊಲದಾಗ ಉದುರಾಕ ಹತ್ತೈತಿ" ಎಂದು ಊರಿಗೆ ಬಂದುಬಿಟ್ಟ. ಆಪರೇಷನ್ ಖರ್ಚು ಸರ್ಕಾರದ ಕಾರ್ಡಿನಲ್ಲಿ ಹೋಗಿತ್ತು. ಆದರೆ ಆಸ್ಪತ್ರೆ ಹತ್ತಿರದ ರೂಮಿನ ಬಾಡಿಗೆ, ಇಬ್ಬರ ಊಟ, ಜೊತೆಗಿದ್ದ ಅತ್ತಿಗೆಯ ಕೂಲಿ ಇವಕ್ಕೆ ಯಾವ ಕಾರ್ಡೂ ಇರಲಿಲ್ಲ. ಎಂಟು ತಿಂಗಳಿಗೆ ಅದೇ ಕುತ್ತಿಗೆಯಲ್ಲಿ ಗಂಟು ಎದ್ದಿತು. ಆಮೇಲೆ ಅವನು ಹೆಚ್ಚು ದಿನ ಇರಲಿಲ್ಲ.

ಹನ್ನೆರಡನೆಯ ದಿನ ಅವನು ಬರಲಿಲ್ಲವೆಂದು ಆ ಆಸ್ಪತ್ರೆಯಿಂದ ಯಾರೂ ಫೋನ್ ಮಾಡಲಿಲ್ಲ. ಅದಕ್ಕಾಗಿ ಅವರೊಬ್ಬರನ್ನೇ ದೂರಲಾರೆ. ನಾನು ಕೆಲಸ ಮಾಡಿದ ವಾರ್ಡಿನಿಂದಲೂ ಎಷ್ಟೋ ಜನ ಹಾಗೆಯೇ ಊರಿಗೆ ಹೋದರು. ಅವರ ಕೇಸ್ ಷೀಟು ಕಟ್ಟಿ ಕಪಾಟಿನಲ್ಲಿಟ್ಟವಳು ನಾನೇ. ನಾನೂ ಯಾರಿಗೂ ಫೋನ್ ಮಾಡಿರಲಿಲ್ಲ.

ಈ ಹಿನ್ನೆಲೆಯಲ್ಲೇ ಡಾ. ರವಿ ಕಣ್ಣನ್ ಅವರ ವೃತ್ತಿಜೀವನ ಕನ್ನಡದ ಓದುಗರಿಗೂ ತಿಳಿಯಬೇಕೆಂದು ನನಗೆ ಬಲವಾಗಿ ಅನಿಸಿದ್ದು. ಅವರು ಚೆನ್ನೈನವರು, ಅಡ್ಯಾರ್ ಕ್ಯಾನ್ಸರ್ ಸಂಸ್ಥೆಯಲ್ಲಿ ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥರಾಗಿದ್ದವರು. ತಂಗಿಯನ್ನು ಕ್ಯಾನ್ಸರಿಗೆ ಕಳೆದುಕೊಂಡ ಡಾ. ಮುತ್ತುಲಕ್ಷ್ಮಿ ರೆಡ್ಡಿ 1954ರಲ್ಲಿ ತೆರೆದ ಸಂಸ್ಥೆ ಅದು. ಹೆಸರಾಂತ ಕ್ಯಾನ್ಸರ್ ವೈದ್ಯೆ ಡಾ. ವಿ. ಶಾಂತಾ ಅವರು ಬಾಳೆಲ್ಲ ದುಡಿದ ಜಾಗ. ಅಂಥ ಸಂಸ್ಥೆಯ ಹುದ್ದೆ ಬಿಟ್ಟು 2007ರಲ್ಲಿ ಕಣ್ಣನ್ ಅವರು ಹೆಂಡತಿ, ಮಗಳನ್ನು ಕರೆದುಕೊಂಡು ಅಸ್ಸಾಂನ ಬರಾಕ್ ಕಣಿವೆಯ ಸಿಲ್ಚರ್‌ಗೆ ಹೋದರು. ಅಲ್ಲಿ ಜನರೇ ಸಂಘ ಕಟ್ಟಿ ನಡೆಸುತ್ತಿದ್ದ ಕಚಾರ್ ಕ್ಯಾನ್ಸರ್ ಆಸ್ಪತ್ರೆಯಿತ್ತು. ಸಿಬ್ಬಂದಿ 23 ಮಂದಿ. ರೋಗಿಗಳಲ್ಲಿ ಬಹುಪಾಲು ಕೂಲಿಯವರು, ಚಹಾ ತೋಟದ ಆಳುಗಳು. ನಮ್ಮಲ್ಲಿಯಂತೆಯೇ ಅಲ್ಲಿಯೂ ತಂಬಾಕು, ಅಡಿಕೆ ವಿಪರೀತ.

ಒಳ್ಳೆಯ ಸರ್ಜನ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಾವು ತಿಳಿಯುತ್ತೇವೆ. ಸಿಲ್ಚರ್‌ನಲ್ಲಿ ಹಾಗಾಗಲಿಲ್ಲ. ರೋಗಿಗಳು ಬರುತ್ತಿದ್ದರು, ಚಿಕಿತ್ಸೆ ನಡುವೆಯೇ ಕಾಣೆಯಾಗುತ್ತಿದ್ದರು. ಪೂರ್ತಿ ಮಾಡಿಸಿಕೊಳ್ಳುತ್ತಿದ್ದವರು ಶೇ 28 ಮಾತ್ರ. ಮನೆ ದೂರ, ದಿನದ ಕೂಲಿ ಹೋಗುತ್ತದೆ, ಜೊತೆಗೆ ಬಂದವರ ಕೂಲಿಯೂ ಹೋಗುತ್ತದೆ. ನನ್ನ ಅಣ್ಣ ಹೇಳಿದ ಕಾರಣವೂ ಇದೇ ಅಲ್ಲವೇ?

ಕಣ್ಣನ್ ಮತ್ತು ಅವರ ಜೊತೆಗಾರರು ಆ ಕಾರಣಗಳಿಗೇ ಕೈ ಹಾಕಿದರು. ಬಡವರಿಗೆ ಚಿಕಿತ್ಸೆ ಉಚಿತ ಇಲ್ಲವೇ ರಿಯಾಯಿತಿ, ಉಳಿಯಲು ಜಾಗ, ಊಟ. ರೋಗಿಯ ಜೊತೆ ಬಂದವರಿಗೆ ಅಷ್ಟು ದಿನದ ಮಟ್ಟಿಗೆ ದುಡಿಮೆ. ಈ ಕೊನೆಯದನ್ನು ಓದಿದಾಗ ನಾನು ಪತ್ರಿಕೆ ಕೆಳಗಿಟ್ಟು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. ಅತ್ತಿಗೆಗೆ ಆ ಆರು ವಾರ ಆಸ್ಪತ್ರೆಯ ಅಡುಗೆಮನೆಯಲ್ಲೋ ತೋಟದಲ್ಲೋ ಕೆಲಸ ಸಿಕ್ಕಿದ್ದರೆ ಅಣ್ಣನಿಗೆ ಹತ್ತಿಯ ಚಿಂತೆ ಅರ್ಧ ಇಳಿಯುತ್ತಿತ್ತು. ಗುಣವಾಗದ ಹಂತಕ್ಕೆ ಹೋದವರನ್ನೂ ಸಿಲ್ಚರ್‌ನವರು ಕೈಬಿಡುವುದಿಲ್ಲ. ತಂಡದವರು ದೂರದ ಹಳ್ಳಿಗಳಿಗೇ ಹೋಗಿ ನೋವು ಕಡಿಮೆ ಮಾಡುವುದು ಹೇಗೆಂದು ಮನೆಯವರಿಗೆ ಕಲಿಸಿ, ಉಚಿತವಾಗಿ ಔಷಧಿ ಕೊಟ್ಟು ಬರುತ್ತಾರೆ. ಚಿಕಿತ್ಸೆ ಮುಗಿಸುವವರ ಪ್ರಮಾಣ ಶೇ 28ರಿಂದ 70ಕ್ಕೆ ಏರಿತು. 2023ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಸಿಬ್ಬಂದಿ ಸಂಖ್ಯೆ 451, ವರ್ಷಕ್ಕೆ ಸರಾಸರಿ 5,000 ಹೊಸ ರೋಗಿಗಳು. 2020ರಲ್ಲೇ ಪದ್ಮಶ್ರೀ ಬಂದಿತ್ತು.

ಇದೆಲ್ಲ ಸಮಾಜ ಸೇವಕರ ಕೆಲಸ, ಸರ್ಜನ್‌ಗೆ ಅದೆಲ್ಲಿಯ ಪುರುಸೊತ್ತು ಎಂದು ಕೆಲವರು ಹೇಳಬಹುದು. ಒಂದೇ ದಿನ ನಾಲ್ಕು ದೊಡ್ಡ ಆಪರೇಷನ್ ಮಾಡಿ ಊಟವಿಲ್ಲದೆ ಒಪಿಡಿಗೆ ಓಡುವ ವೈದ್ಯರನ್ನು ನಾನೂ ಕಂಡಿದ್ದೇನೆ, ಅವರ ಕಷ್ಟ ಬಲ್ಲೆ. ಆದರೂ ಒಪ್ಪಲಾರೆ. ನರ್ಸ್ ಹತ್ತು ಸಲ ಹೇಳಿದರೂ ತಲೆಗೆ ಹೋಗದ ಮಾತನ್ನು ಆಪರೇಷನ್ ಮಾಡಿದ ಡಾಕ್ಟರು ಒಂದು ಸಲ ಹೇಳಿದರೆ ರೋಗಿ ಕೇಳುತ್ತಾನೆ. ತಾನು ಕೊಯ್ದ ಜಾಗದಲ್ಲಿ ಕಣ್ಣಿಗೆ ಕಾಣದ ಜೀವಕೋಶಗಳು ಉಳಿದಿರಬಹುದು, ಆಪರೇಷನ್ ಆದ ಆರು ವಾರದೊಳಗೆ ರೇಡಿಯೇಷನ್ ಶುರುವಾಗಿ, ಆಮೇಲೆ ಅದು ಪೂರ್ತಿಯಾದರೇ ತನ್ನ ಶ್ರಮಕ್ಕೆ ಫಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ರಾಜ್ಯದಲ್ಲಿ ಈಗ ಕೆಲವು ಜಿಲ್ಲಾಸ್ಪತ್ರೆಗಳಲ್ಲೇ ಕಿಮೊ ಕೊಡುತ್ತಾರೆ. ಕಿದ್ವಾಯಿ ಸಂಸ್ಥೆಯ ಕೇಂದ್ರ ಕಲಬುರಗಿಯಲ್ಲಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ನೆರವಿದೆ. ಇವೆಲ್ಲ ನನ್ನ ಕೆಲಸದ ಮೊದಲ ದಿನಗಳಲ್ಲಿ ಕನಸಾಗಿದ್ದವು. ಇದಕ್ಕೆ ಇನ್ನು ಸೇರಬೇಕಾದ್ದು ದೊಡ್ಡ ಖರ್ಚಿನದೇನೂ ಅಲ್ಲ. ರೇಡಿಯೇಷನ್ ನಡೆಯುವಷ್ಟು ದಿನ ರೋಗಿಯ ಜೊತೆಗಿರುವವರಿಗೆ ದಿನಗೂಲಿ ಕೆಲಸವೋ ಭತ್ಯೆಯೋ ಬೇಕು, ತಂಗಲು ಜಾಗ ಬೇಕು. ಎರಡು ದಿನ ಬರದಿದ್ದರೆ ಮೂರನೆಯ ದಿನ ಮನೆಗೆ ಫೋನ್ ಹೋಗಬೇಕು, ಫೋನ್ ಎತ್ತದಿದ್ದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಸುದ್ದಿ ಮುಟ್ಟಬೇಕು. ಆರೋಗ್ಯ ಇಲಾಖೆ ಇದನ್ನು ಮೊದಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಶುರು ಮಾಡಲಿ ಎಂದು ಬೇಡಿಕೊಳ್ಳುತ್ತೇನೆ.

ನಿಮ್ಮ ವರದಿಗಾರರಲ್ಲೂ ಒಂದು ಕೋರಿಕೆ. ಮುಂದಿನ ಸಲ ಕ್ಯಾನ್ಸರ್ ಸರ್ಜನ್ ಒಬ್ಬರನ್ನು ಸಂದರ್ಶಿಸುವಾಗ, ಹೋದ ವರ್ಷ ಆಪರೇಷನ್ ಆದವರಲ್ಲಿ ಎಷ್ಟು ಮಂದಿ ರೇಡಿಯೇಷನ್ ಮುಗಿಸಿದರು, ಎಷ್ಟು ಮಂದಿ ಮರಳಿ ತಪಾಸಣೆಗೆ ಬಂದರು ಎಂದು ಕೇಳಿ, ಆ ಅಂಕಿಯನ್ನೂ ಅಚ್ಚು ಹಾಕಿ.

ನಮ್ಮ ಜಿಲ್ಲೆಯ ಯಾವ ಆಸ್ಪತ್ರೆಯಾದರೂ ಈ ಫೋನ್ ಮಾಡುವ ಕೆಲಸಕ್ಕೆ ಜನ ಹುಡುಕುತ್ತಿದ್ದರೆ ನನಗೆ ಸಂಬಳ ಬೇಡ. ಒಂದು ಕುರ್ಚಿ, ಒಂದು ರಿಜಿಸ್ಟರ್ ಕೊಟ್ಟರೆ ಸಾಕು, ಬೆಳಿಗ್ಗೆ ಒಂಬತ್ತಕ್ಕೆ ಬರುತ್ತೇನೆ.

ನಿವೃತ್ತ ಶುಶ್ರೂಷಕಿ,
ರಾಯಚೂರು ಜಿಲ್ಲೆ