ಕಾಲ್ಚೈನು ಬಿಗಿಯಾದರೆ ಸುಮ್ಮನಿರಬೇಡ

ಮಗಳೇ,

ಗಂಗಾವತಿಯಿಂದ ನಿನ್ನ ದೊಡ್ಡವ್ವನ ಆಶೀರ್ವಾದ. ಸ್ತನ ಕ್ಯಾನ್ಸರಿನ ಕೆಂಪು ಔಷಧದ ಕೀಮೋ ಮುಗಿದು, ಮೂರು ವಾರಕ್ಕೊಮ್ಮೆ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಶುರುವಾಗಿದೆ ಅಂತ ನಿಮ್ಮವ್ವ ಹೇಳಿದಳು. ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸೋಕೆ ಮಾತ್ರ ನೀನು ಬೇಜಾರು ಮಾಡಿಕೊಳ್ಳುತ್ತೀಯಂತೆ. "ಗಡ್ಡೆ ಇದ್ದದ್ದು ಎದೆಯಲ್ಲಿ, ಹಾರ್ಟಿಗೇನಾಗಿದೆ?" ಅಂದೆಯಂತೆ. ಎಂಟು ವರ್ಷದ ಹಿಂದೆ ಇದೇ ಚಿಕಿತ್ಸೆ ತಗೊಳ್ಳುವಾಗ ನಾನೂ ಹಂಗೇ ಅಂದಿದ್ದೆ.

ಆ ಕೆಂಪು ಔಷಧ, ಡಾಕ್ಸೊರುಬಿಸಿನ್, ಹೃದಯದ ಸ್ನಾಯುವಿಗೂ ಪೆಟ್ಟು ಕೊಡಬಹುದು. ಅದಕ್ಕೇ ಜೀವಮಾನಕ್ಕೆ ಇಷ್ಟೇ ಅಂತ ಲೆಕ್ಕ ಇಟ್ಟು ಹಾಕುತ್ತಾರೆ. ಈಗಿನ ಇಂಜೆಕ್ಷನ್ನಿನಿಂದಲೂ ಹೃದಯದ ಬಲ ತಗ್ಗಬಹುದು, ಆದರೆ ನಿಲ್ಲಿಸಿದರೆ ಸಾಮಾನ್ಯವಾಗಿ ಮರಳಿ ಬರುತ್ತದೆ. ಎಷ್ಟೋ ಸಲ ತಗ್ಗಿದ್ದು ಎಕೋದಲ್ಲಿ ಮೊದಲು ಕಾಣುತ್ತದೆ, ಮೈಗೆ ಆಮೇಲೆ ಗೊತ್ತಾಗುತ್ತದೆ. ಮೂರು ತಿಂಗಳಿಗೊಮ್ಮೆ ಮಾಡಿಸು ಅನ್ನೋದು ದುಡ್ಡು ಕೀಳೋಕಲ್ಲ.

ನನ್ನ ತಪ್ಪು ಹೇಳುತ್ತೇನೆ ಕೇಳು. ಏಪ್ರಿಲ್ ತಿಂಗಳು. ಶ್ಯಾವಿಗೆ ಒಣಹಾಕಲು ಮಾಳಿಗೆ ಹತ್ತಿದರೆ ಅರ್ಧಕ್ಕೇ ಏದುಸಿರು. ಅಂಜನಾದ್ರಿ ಬೆಟ್ಟದ 575 ಮೆಟ್ಟಿಲು ಹತ್ತಿದವಳು ನಾನು! ಬಿಸಿಲಿಗೆ ಅಂದುಕೊಂಡೆ. ರಾತ್ರಿ ಒಂದು ದಿಂಬು ಸಾಲದೆ ಎರಡಾಯಿತು, ಆಮೇಲೆ ಗೋಡೆಗೆ ಒರಗಿ ಕೂತೇ ನಿದ್ದೆ. ಇಂಜೆಕ್ಷನ್ ನಿಲ್ಲಿಸಿಬಿಟ್ಟಾರು ಅನ್ನೋ ಭಯಕ್ಕೆ ಯಾರಿಗೂ ಹೇಳಲಿಲ್ಲ. ಒಂದಿನ ಕಾಲ್ಚೈನು ಬಿಚ್ಚಲು ಹೋದರೆ ಕೊಂಡಿಯೇ ಕೈಗೆ ಸಿಗಲೊಲ್ಲದು, ಬಾವಿನಲ್ಲಿ ಹೂತಿತ್ತು. ಬಿಚ್ಚಿದ ಮೇಲೂ ಅದರ ಗುಂಡುಗುಂಡು ಅಚ್ಚು ಸಂಜೆತನಕ ಮಾಸಲಿಲ್ಲ. ಎಕೋದಲ್ಲಿ ಇಎಫ್, ಅಂದರೆ ಹೃದಯ ಒಂದೊಂದು ಬಡಿತಕ್ಕೆ ತನ್ನಲ್ಲಿನ ರಕ್ತದಲ್ಲಿ ನೂರಕ್ಕೆ ಎಷ್ಟು ಪಾಲು ಹೊರಗೆ ತಳ್ಳುತ್ತದೆ ಅನ್ನೋ ಲೆಕ್ಕ, 60 ಇದ್ದದ್ದು 42ಕ್ಕೆ ಇಳಿದಿತ್ತು. ಇಂಜೆಕ್ಷನ್ ನಿಲ್ಲಿಸಿ ಹೃದಯದ ಮಾತ್ರೆ ಕೊಟ್ಟರು. 54ಕ್ಕೆ ಏರಿದ ಮೇಲೆ ಮತ್ತೆ ಶುರು ಮಾಡಿ ಕೋರ್ಸ್ ಮುಗಿಸಿದರು. ಮುಚ್ಚಿಟ್ಟು ಏನು ಗಳಿಸಿದೆ ಹೇಳು?

ತೂಕದ ಮಷೀನು ಒಂದು ತಗೋ. ದಿನಾ ಬೆಳಿಗ್ಗೆ ಚಹಾಕ್ಕೆ ಮುಂಚೆ ನಿಂತು ನೋಡು. ಎರಡು ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಅದು ಮೈ ಬಂದದ್ದಲ್ಲ, ನೀರು ನಿಂತದ್ದು. ಅವತ್ತೇ ಡಾಕ್ಟರಿಗೆ ಫೋನ್ ಮಾಡು. ಕೂತಲ್ಲೇ ಉಸಿರು ಕಟ್ಟಿದರೆ ಫೋನೂ ಬೇಡ, ಸೀದಾ ಆಸ್ಪತ್ರೆ. ನಿನಗೂ ಹೃದಯದ ಮಾತ್ರೆ ಕೊಟ್ಟರೆ, ಅದನ್ನು ನುಂಗಿ ತಲೆ ತಿರುಗಿದರೂ ಹೇಳು, ನೀನೇ ಬಿಟ್ಟುಬಿಡಬೇಡ.

ನಿನ್ನ ಗಡ್ಡೆ ಎಡಗಡೆ, ಹೃದಯದ ಕಡೆಗೇ ಅಲ್ವಾ? ರೇಡಿಯೇಷನ್‌ನಲ್ಲಿ ಉಸಿರು ಹಿಡಿಸಿ ಕಿರಣ ಕೊಡುವ ಸೌಕರ್ಯ ಇದೆಯಾ ಅಂತ ಕೇಳು. ಉಸಿರು ತುಂಬಿಕೊಂಡಾಗ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ, ಕಿರಣ ಅದಕ್ಕೆ ತಾಗೋದು ಕಡಿಮೆ.

ಉಪ್ಪಿನಕಾಯಿ, ಹಪ್ಪಳ ಕಡಿಮೆ ಮಾಡು ಅಂದರೆ ನಮ್ಮ ಕಡೆ ಊಟವೇ ಬಿಡು ಅಂದಂಗೆ, ಗೊತ್ತು. ಶೇಂಗಾ ಚಟ್ನಿಗೆ ಅರ್ಧ ಉಪ್ಪು ಹಾಕಿ ಬೆಳ್ಳುಳ್ಳಿ ಜಾಸ್ತಿ ಕುಟ್ಟು, ರೊಟ್ಟಿ ಇಳಿಯುತ್ತದೆ.

ಮುಂದಿನ ಎಕೋ ಯಾವತ್ತು ಅಂತ ತಿಳಿಸು. ಬೆಳಗಿನ ಬಸ್ಸಿಗೆ ರಾಯಚೂರಿಗೆ ಬರುತ್ತೇನೆ. ಹಳೆಯ ರಿಪೋರ್ಟು ತೆಗೆದಿಟ್ಟಿರು.

ನಿನ್ನ ದೊಡ್ಡವ್ವ