ಕೊಟೊಕೊಗೆ ಕಾಣದ ಮುಖ

ಪ್ರೀತಿಯ ಪುಟ್ಟಿ,

ನೀನು ಹಾಸ್ಟೆಲ್‌ಗೆ ವಾಪಸ್ ಹೋದ ಮಾರನೇ ದಿನ ನಿನ್ನ ಕಪಾಟಿನ ಧೂಳು ಒರೆಸಲು ಹೋದೆ. ಆ ಜಪಾನಿ ಚಿತ್ರಕತೆಯ ಪುಸ್ತಕಗಳು, 'ಇತಾಝುರಾ ನಾ ಕಿಸ್', ಸಾಲಾಗಿ ಇದ್ದವು. ಒಂದನ್ನು ತೆಗೆದು ನಮ್ಮ ರೂಢಿಯಂತೆ ಎಡಗಡೆಯಿಂದ ತೆರೆದೆ. ಕೊನೆಯ ಪುಟ ಸಿಕ್ಕಿತು. ನೀನು ಚಿಕ್ಕವಳಿದ್ದಾಗ ಹೇಳಿಕೊಟ್ಟಿದ್ದು ನೆನಪಾಯಿತು, ಬಲದಿಂದ ಎಡಕ್ಕೆ ಓದಬೇಕು ಅಂತ. ತಿರುಗಿಸಿ ಹಿಡಿದು ಮೊದಲಿನಿಂದ ಶುರು ಮಾಡಿದೆ. ಅವತ್ತು ರಾತ್ರಿ ಹನ್ನೆರಡರವರೆಗೂ ಕೆಳಗಿಡಲಿಲ್ಲ.

ದಸರಾ ರಜೆಯಲ್ಲಿ ನಾನು ನಿನ್ನ ಮೇಲೆ ಕೂಗಾಡಿದ್ದೆ. 'ಇಂಥ ಪುಸ್ತಕ ಓದಿ ಓದಿ ತಲೆ ಕೆಡಿಸಿಕೊಂಡಿದ್ದೀಯ' ಅಂದಿದ್ದೆ. ಒಂದು ಪುಟವನ್ನೂ ಓದದೆ ಹಾಗೆ ಹೇಳಿದ್ದು ತಪ್ಪು. ಆ ಕತೆಯ ನಾಯಕಿಯ ಬಗ್ಗೆ ನೀನು ಆಗ ಅಳುತ್ತಾ ಒಂದೇ ಮಾತು ಹೇಳಿದೆ: 'ಅಪ್ಪಾ, ಕೊಟೊಕೊ ಯಾಂಡೆರೆ ಅಲ್ಲ.' ಆ ಪದದ ಅರ್ಥ ನನಗೆ ಆಮೇಲೆ ಗೊತ್ತಾಯಿತು. ಯಾಂದೆರು ಅಂದರೆ ಕಾಯಿಲೆ ಬೀಳುವುದು, ದೆರೆದೆರೆ ಅಂದರೆ ಪ್ರೀತಿಯಲ್ಲಿ ಕರಗಿ ನೀರಾಗುವುದು. ಎರಡೂ ಸೇರಿ ಯಾಂಡೆರೆ. ಇನ್ನೊಂದು ಜಪಾನಿ ಕತೆ 'ಮಿರಾಯ್ ನಿಕ್ಕಿ'ಯ ಗಸಾಯ್ ಯುನೋ ಥರ, ಪ್ರೀತಿಗಾಗಿ ಕೊಲ್ಲಲೂ ಹೇಸದ ಹುಡುಗಿ. ನೀನು ಹೇಳಿದ್ದು ಸರಿ ಪುಟ್ಟಿ. ಕೊಟೊಕೊ ಹಾಗಲ್ಲ. ಅವಳು ಯಾರ ಕೂದಲನ್ನೂ ಕೊಂಕಿಸುವವಳಲ್ಲ.

ಹಾಗಾಗಿಯೇ ಅವಳ ಬಗ್ಗೆ ನಿನ್ನ ಹತ್ತಿರ ಮಾತಾಡಬೇಕು ಅನಿಸಿತು. ಫೋನಿನಲ್ಲಿ ನನಗೆ ಸರಿಯಾಗಿ ಹೇಳಲು ಬರಲ್ಲ. ಅದಕ್ಕೇ ಈ ಪತ್ರ.

'ಇತಾಝುರಾ ನಾ ಕಿಸ್' ಶುರುವಾಗುವುದೂ ಒಂದು ಪತ್ರದಿಂದಲೇ ಅಲ್ವಾ? ಕೊನೆಯ ಬೆಂಚಿನವರೇ ತುಂಬಿರುವ ಎಫ್ ಕ್ಲಾಸಿನ ಹುಡುಗಿ ಕೊಟೊಕೊ. ಎ ಕ್ಲಾಸಿನ ಜಾಣ ಇರಿಯೆ ನಾವೊಕಿಗೆ ಪತ್ರ ಕೊಡುತ್ತಾಳೆ. ಅವನು ಮುಟ್ಟಿಯೂ ನೋಡದೆ ಬೇಡ ಅನ್ನುತ್ತಾನೆ, ಅದೂ ಎಲ್ಲರ ಎದುರಿಗೆ. ಆಮೇಲೆ ಸಣ್ಣ ಭೂಕಂಪಕ್ಕೆ ಅವಳ ಹೊಸ ಮನೆ ಬಿದ್ದುಹೋಗುತ್ತದೆ. ಅಪ್ಪ ಮಗಳು ಅಪ್ಪನ ಹಳೆಯ ಗೆಳೆಯನ ಮನೆ ಸೇರುತ್ತಾರೆ. ಅದು ನೋಡಿದರೆ ಅದೇ ಹುಡುಗನ ಮನೆ. ಮುಂದೆ ಆ ಪತ್ರ ಹೇಗೋ ಅವನ ಕೈಗೆ ಸಿಕ್ಕಿ, ಅವಳೆದುರೇ ಅದನ್ನು ಬಾಯಿಪಾಠ ಒಪ್ಪಿಸುತ್ತಾನೆ. ಎಷ್ಟು ರಾತ್ರಿ ಕೂತು ಬರೆದಿದ್ದಳೋ ಏನೋ. ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ನಾನು ಓದಿದ್ದು ಅಪ್ಪನ ಕಣ್ಣಿನಿಂದ. ನಿನಗೆ ಇರಿಯೆ ಕಂಡ ಕಡೆಯಲ್ಲೆಲ್ಲ ನನಗೆ ಕೊಟೊಕೊಳ ಅಪ್ಪ ಶಿಗೆಓ ಕಂಡ. ಹೆಂಡತಿ ತೀರಿಕೊಂಡ ಮೇಲೆ, ಸಣ್ಣ ಹೋಟೆಲು ನಡೆಸಿಕೊಂಡು ಮಗಳನ್ನು ಒಬ್ಬನೇ ಸಾಕಿದ ಮನುಷ್ಯ. ಮಗಳು ಇನ್ನೊಬ್ಬರ ಮನೆಯಲ್ಲಿ, ತನ್ನನ್ನು ಬೇಡ ಅಂದವನ ಎದುರಿನಲ್ಲೇ ದಿನಾ ಊಟ ಮಾಡುತ್ತಾಳೆ. ಅವನು ಹೆಚ್ಚು ಮಾತಾಡುವುದಿಲ್ಲ. ಕತೆಯಲ್ಲಿ ಅವನಿಗೆ ಜಾಸ್ತಿ ಪುಟವೂ ಇಲ್ಲ. ಆದರೆ ಅವನು ಬಂದಾಗಲೆಲ್ಲ ನಾನು ಪುಟ ತಿರುಗಿಸುವುದನ್ನು ನಿಲ್ಲಿಸಿ ಸುಮ್ನೆ ನೋಡುತ್ತಿದ್ದೆ.

ಈಗ ಕೊಟೊಕೊ ವಿಷಯ. ಅವಳಲ್ಲಿ ನನಗೆ ತುಂಬಾ ಇಷ್ಟವಾಗಿದ್ದು ಅವಳ ಹಟ. ಪರೀಕ್ಷೆಯಲ್ಲಿ ಮೊದಲ ನೂರರ ಪಟ್ಟಿಗೆ ಬಂದೇ ಬರುತ್ತೇನೆ ಅಂತ ನಿದ್ದೆಗೆಟ್ಟು ಓದುತ್ತಾಳೆ, ಬರುತ್ತಾಳೆ. ಇರಿಯೆ ಹೇಳಿಕೊಟ್ಟ, ನಿಜ. ಕೂತು ಓದಿದವಳು ಅವಳು. ಮುಂದೆ ಇರಿಯೆ ತಮ್ಮ ಯೂಕಿಗೆ ಹುಷಾರು ತಪ್ಪಿದ ರಾತ್ರಿ ಹೆದರಿಕೊಂಡೇ ಎಲ್ಲ ನಿಭಾಯಿಸುತ್ತಾಳೆ. ಎಲ್ಲವೂ ಸಲೀಸಾಗಿ ಬಂದು ಯಾವುದರಲ್ಲೂ ಆಸೆಯಿಲ್ಲದ ಆ ಹುಡುಗನಿಗೆ ಡಾಕ್ಟರಾಗುವ ಯೋಚನೆ ಹುಟ್ಟಿದ್ದು ಇವಳಿಂದ. ಹಿಂದೆಯೇ ಇವಳು ನರ್ಸಿಂಗ್‌ಗೆ ಸೇರುತ್ತಾಳೆ. ಅವನ ಪಕ್ಕದಲ್ಲಿರಬೇಕು ಅಂತಲೇ ಶುರುವಾದದ್ದು, ಹೌದು. ಆದರೆ ರೋಗಿಯ ಹಾಸಿಗೆ ಪಕ್ಕ ನಿಂತಾಗ ಅವಳು ನೋಡುವುದು ರೋಗಿಯ ಮುಖವನ್ನು. ಅಲ್ಲಿ ಅವಳ ಪ್ರೀತಿ ಅವಳದೇ ಒಂದು ಕೆಲಸವಾಯಿತು ಅನಿಸಿತು ನನಗೆ. ಇಷ್ಟು ಗಟ್ಟಿಯಾಗಿ ಪ್ರೀತಿ ಮಾಡುವ ಶಕ್ತಿ ಎಲ್ಲರಿಗೂ ಇರಲ್ಲ ಪುಟ್ಟಿ. ನಿನಗಿದೆ. ಅಮ್ಮನಿಗೆ ಡೆಂಗಿ ಆದಾಗ ಆಸ್ಪತ್ರೆಯ ಬೆಂಚಿನ ಮೇಲೆ ನಾಲ್ಕು ರಾತ್ರಿ ಕಳೆದವಳು ನೀನು.

ಆದರೆ ಇರಿಯೆಯನ್ನು ಒಪ್ಪಲು ನನಗೆ ಕಷ್ಟವಾಯಿತು. ಹೈಸ್ಕೂಲು ಮುಗಿದ ಆ ರಾತ್ರಿ ನೆನಪಿದೆಯಾ? ನಿನ್ನನ್ನು ಮರೆತುಬಿಡುತ್ತೇನೆ ಅನ್ನುತ್ತಾಳೆ ಕೊಟೊಕೊ. ಹಾಗಾದರೆ ಮರೆತು ನೋಡು ಅನ್ನುವ ಹಾಗೆ ಮುತ್ತು ಕೊಟ್ಟು, ನಾಲಿಗೆ ತೋರಿಸಿ ಹೋಗುತ್ತಾನೆ. ತುಂಟ ಮುತ್ತು ಅಂತ ಪುಸ್ತಕಕ್ಕೆ ಹೆಸರು ಬಂದಿದ್ದೇ ಅಲ್ಲಿಂದ. ನೀನು ಆ ಪುಟಕ್ಕೆ ಬಸ್ ಟಿಕೆಟ್ ಇಟ್ಟು ಗುರುತು ಮಾಡಿದ್ದೀಯ. ನನಗೆ ಆ ಪುಟದಲ್ಲಿ ಕಂಡಿದ್ದು, ಬಿಟ್ಟು ಹೋಗಲು ಹೊರಟವಳನ್ನು ಹೋಗಲೂ ಬಿಡದ, ಬಾ ಅಂತಲೂ ಕರೆಯದ ಹುಡುಗ.

ಇನ್ನೊಂದು ಕಡೆ ಕೊಟೊಕೊ ಹೊರಗೆ ಮಲಗಿ ನಿದ್ದೆ ಹೋಗಿರುತ್ತಾಳೆ. ಇರಿಯೆ ಬಗ್ಗಿ ಮುತ್ತು ಕೊಡುತ್ತಾನೆ. ಅದನ್ನು ನೋಡಿದವರು ಇಬ್ಬರೇ, ತಮ್ಮ ಯೂಕಿ ಮತ್ತು ಓದುವ ನಾವು. ಕೊಟೊಕೊಗೆ ಗೊತ್ತೇ ಇಲ್ಲ. ಆ ಪುಟದಲ್ಲಿ ನಾನು ತುಂಬಾ ಹೊತ್ತು ನಿಂತೆ. ನಿನಗೆ ಅವನ ಮೇಲೆ ಯಾಕೆ ಅಷ್ಟು ನಂಬಿಕೆ ಅಂತ ಆಗ ಅರ್ಥವಾಯಿತು. ಅವನು ಬೆನ್ನು ತಿರುಗಿಸಿ ಹೋಗುವಾಗ ಅವನ ಮುಖ ನಮಗೆ ಕಾಣುತ್ತದೆ. ಬರೆದಾಕೆ ನಮಗೆ ತೋರಿಸುತ್ತಾರೆ. ಒಳಗೆ ಪ್ರೀತಿ ಇದೆ, ಕಾಯುತ್ತಿರು ಅಂತ ಹೇಳುತ್ತಾರೆ. ಹಾಗಾಗಿ ಅವನು ಎಷ್ಟು ಕಟುವಾಗಿ ಮಾತಾಡಿದರೂ ನಮಗೆ ಹೆದರಿಕೆಯಾಗಲ್ಲ. ಕೊಟೊಕೊಗೆ ಆ ಮುಖ ಕಾಣಲ್ಲ. ಅವಳಿಗೆ ಕಾಣುವುದು ಬೆನ್ನು ಮಾತ್ರ, ಅದೂ ವರ್ಷಗಟ್ಟಲೆ.

ನಿನಗೂ ಬೆನ್ನೇ ಕಾಣುತ್ತಿದೆ ಅಂತ ನನಗೆ ಭಯ.

ರಜೆಯಲ್ಲಿ ಒಂದು ರಾತ್ರಿ ನೀರು ಕುಡಿಯಲು ಎದ್ದಿದ್ದೆ. ಹನ್ನೊಂದು ದಾಟಿತ್ತು. ನೀನು ಊಟದ ಮೇಜಿನ ಮೇಲೆ ದಾಸವಾಳದ ಚಿತ್ರ ಬಿಡಿಸುತ್ತಿದ್ದೆ, ಹೂವನ್ನು ಉದ್ದಕ್ಕೆ ಸೀಳಿದ್ದು. ಎಷ್ಟು ನವಿರಾದ ಗೆರೆ! ಕೇಸರದ ತುದಿಯ ಒಂದೊಂದು ಚುಕ್ಕಿಯನ್ನೂ ಪೆನ್ಸಿಲು ಚೂಪು ಮಾಡಿಕೊಂಡು ಇಡುತ್ತಿದ್ದೆ. ಹತ್ತಿರ ಬಂದು ನೋಡಿದರೆ ರೆಕಾರ್ಡ್ ಪುಸ್ತಕದ ಮೇಲೆ ನಿನ್ನ ಹೆಸರಿರಲಿಲ್ಲ. ನಿನ್ನ ರೆಕಾರ್ಡ್ ಪಕ್ಕದಲ್ಲಿತ್ತು. ಅದರಲ್ಲಿ ಆ ಪುಟ ಖಾಲಿ. ಫೋನು ಎದುರಿಗೆ ಇತ್ತು. ನೀನು ಐದು ನಿಮಿಷಕ್ಕೊಮ್ಮೆ ಅದನ್ನು ತಿರುಗಿಸಿ ನೋಡುತ್ತಿದ್ದೆ. ನಾನಿದ್ದಷ್ಟು ಹೊತ್ತೂ ಅದು ಸದ್ದು ಮಾಡಲಿಲ್ಲ.

ಅವತ್ತು ನಾನು ಏನೂ ಕೇಳಲಿಲ್ಲ. ಕೇಳಲು ಧೈರ್ಯ ಬರಲಿಲ್ಲ. ಮಾರನೇ ದಿನ ಆ ಸಿಟ್ಟನ್ನು ನಿನ್ನ ಪುಸ್ತಕಗಳ ಮೇಲೆ ತೀರಿಸಿಕೊಂಡೆ. ಕ್ಷಮಿಸು.

ಆ ರೆಕಾರ್ಡಿನ ಹುಡುಗ ಯಾರು, ಎಂಥವನು ಅಂತ ನಾನು ಕೇಳಲ್ಲ. ಒಳ್ಳೆಯವನೇ ಇರಬಹುದು. ಒಂದನ್ನು ಮಾತ್ರ ಕೇಳುತ್ತೇನೆ, ಉತ್ತರ ನನಗೆ ಹೇಳಬೇಕು ಅಂತಿಲ್ಲ. ಅವನು ನಿನ್ನ ಹೆಸರು ಹಿಡಿದು ಏನಾದರೂ ಕೇಳಿದ್ದು ಯಾವಾಗ? ಊಟ ಆಯಿತಾ, ಜ್ವರ ಬಿಟ್ಟಿತಾ, ನಿನ್ನ ರೆಕಾರ್ಡ್ ಮುಗಿಯಿತಾ, ಇಂಥ ಯಾವುದಾದರೂ ಒಂದು. ಮಾತಾಡದವನ ಮನಸ್ಸಿನಲ್ಲಿ ಪ್ರೀತಿ ಇದ್ದೇ ಇರುತ್ತದೆ ಅಂತ ತೋರಿಸಲು ನಮ್ಮ ಬದುಕಿನಲ್ಲಿ ಇನ್ನೊಂದು ಚಿತ್ರ ಬರೆಯುವವರು ಯಾರೂ ಇಲ್ಲ ಪುಟ್ಟಿ.

ಇರಿಯೆಗೂ ಕೊನೆಗೆ ಬಾಯಿ ಬಿಡಲೇಬೇಕಾಯಿತು, ನೋಡು. ಕೊಟೊಕೊಳನ್ನು ಮೊದಲಿಂದ ಪ್ರೀತಿಸುತ್ತಿದ್ದ ಅವಳ ಕ್ಲಾಸಿನ ಕಿನ್‌ಚಾನ್, ನನ್ನನ್ನು ಮದುವೆಯಾಗು ಅಂತ ಅವಳನ್ನು ಕೇಳಿದ ಮೇಲೆ, ಆ ಮಳೆಯ ರಾತ್ರಿ. ನನಗೆ ಇಡೀ ಕತೆಯಲ್ಲಿ ಇಷ್ಟವಾದದ್ದು ಅದರ ನಂತರದ ದೃಶ್ಯ. ಮನೆಗೆ ಬಂದು ಶಿಗೆಓ ಎದುರು ಕೂತು, ನಿಮ್ಮ ಮಗಳನ್ನು ಮದುವೆಯಾಗುತ್ತೇನೆ ಅಂತ ಎಲ್ಲರ ಮುಂದೆ ಹೇಳುತ್ತಾನೆ. ಎಲ್ಲರ ಮುಂದೆ ಪತ್ರ ಬೇಡ ಅಂದಿದ್ದವನು. ಅಲ್ಲಿ ನನಗೆ ಕಣ್ಣು ತುಂಬಿ ಬಂತು. ಶಿಗೆಓಗಾಗಿ ಬಂತು.

ಇದನ್ನು ಬರೆದ ತಾದಾ ಕಾಓರು ಬಗ್ಗೆಯೂ ಓದಿದೆ. 1990ರಲ್ಲಿ ಶುರು ಮಾಡಿದ ಕತೆ. ಮನೆ ಬದಲಿಸುವಾಗ ತಲೆಗೆ ಏಟು ಬಿದ್ದು, ಮಿದುಳಿನಲ್ಲಿ ರಕ್ತಸ್ರಾವವಾಗಿ 1999ರ ಮಾರ್ಚಿನಲ್ಲಿ ತೀರಿಕೊಂಡರು. ಬರೀ 38 ವರ್ಷ. ಜಪಾನಿನಲ್ಲಿ 23 ಸಂಪುಟ ಬಂದು ಕತೆ ಅರ್ಧಕ್ಕೇ ನಿಂತಿತು. 2008ರಲ್ಲಿ ಅನಿಮೆ, ಅಂದರೆ ಟಿವಿ ಕಾರ್ಟೂನು, ಮಾಡಿದಾಗ ಅದಕ್ಕೊಂದು ಕೊನೆ ಕೊಟ್ಟರು. ತೈವಾನಿನವರು 2005ರಲ್ಲಿ, ಕೊರಿಯಾದವರು 2010ರಲ್ಲಿ ಧಾರಾವಾಹಿ ಮಾಡಿದರು. ನೀನು ಹತ್ತನೇ ಕ್ಲಾಸಿನಲ್ಲಿ ಹೊದಿಕೆಯೊಳಗೆ ಫೋನ್ ಇಟ್ಟುಕೊಂಡು ನೋಡುತ್ತಿದ್ದದ್ದು ಆ ಕೊರಿಯಾದ್ದೇ ಅಲ್ವಾ? ಆಕೆ ಕೈಯಾರೆ ಬರೆದ ಕೊನೆಯ ಪುಟದಾಚೆ ಕೊಟೊಕೊಳನ್ನು ಏನು ಮಾಡಬೇಕೆಂದಿದ್ದರೋ ಅಂತ ಯೋಚನೆ ಬಂತು. ನರ್ಸಾಗಿ ಅವಳಿಗೊಂದು ಒಳ್ಳೆಯ ಹೆಸರು ಬರಲಿ ಅಂತ ನನ್ನ ಆಸೆ.

ನೀನು ಪುಸ್ತಕ ಬಿಡಬೇಡ. ಓದು. ಯಾವ ಪುಟಕ್ಕೆ ಟಿಕೆಟ್ ಇಡುತ್ತೀಯ ಅಂತ ನೋಡಲು ನನಗೂ ಇಷ್ಟ. ಅಮ್ಮ ಚಕ್ಕುಲಿ ಕಳಿಸಿದ್ದಾಳೆ, ಡಬ್ಬಿಯ ತಳದಲ್ಲಿ ಎರಡು ಡ್ರಾಯಿಂಗ್ ಪೆನ್ಸಿಲ್ ಇಟ್ಟಿದ್ದೇನೆ. ನನ್ನದು ಏಳನೇ ಸಂಪುಟ ಮುಗಿಯಿತು. ಎಂಟನೆಯದು ಇಲ್ಲಿ ಸಿಗಲಿಲ್ಲ, ನೀನೇ ಒಯ್ದಿರಬೇಕು. ಬರುವ ಶನಿವಾರ ಬಸ್ ಸ್ಟ್ಯಾಂಡಿಗೆ ಬಂದಿರುತ್ತೇನೆ. ಅದನ್ನು ತಾ. ನಿನ್ನ ರೆಕಾರ್ಡ್ ಪುಸ್ತಕವನ್ನೂ ತಾ, ದಾಸವಾಳ ನೋಡಬೇಕು.

ನಿನ್ನ
ಅಪ್ಪ