ಮಧ್ಯರಾತ್ರಿ ರಿಂಗಣಿಸಿದ ಚರವಾಣಿ

ಪ್ರೀತಿಯ ತಮ್ಮಾ,

ನಿನ್ನ ಕತೆ ತಲುಪಿತು. ಎರಡು ಸಲ ಓದಿದೆ. ಜೊತೆಗೆ ನೀನು ಬರೆದಿದ್ದ ಸಾಲನ್ನೂ ಓದಿದೆ: 'ಒಂದೇ ಒಂದು ಇಂಗ್ಲಿಷ್ ಪದ ಬಳಸಿಲ್ಲ ಸಾರ್.' ಆ ಸಾಲಿನ ಕೊನೆಯಲ್ಲೇ ಒಂದು ಕೂತಿದೆ, ಗಮನಿಸಲಿಲ್ಲ ಅಲ್ವಾ?

ನಿನ್ನ ಕತೆಯಲ್ಲಿ ಮಧ್ಯರಾತ್ರಿ 'ಚರವಾಣಿ ರಿಂಗಣಿಸುತ್ತದೆ'. ಮಗಳು ಎದ್ದು 'ಕರೆಯನ್ನು ಸ್ವೀಕರಿಸುತ್ತಾಳೆ'. ಅಪ್ಪನಿಗೆ ಹುಷಾರಿಲ್ಲ ಅನ್ನುವ ಸುದ್ದಿ. ಎದೆ ಝಲ್ಲೆನ್ನಬೇಕಾದ ಜಾಗ ಅದು. ನನಗೆ ನಗು ಬಂತು. ಆ ಹುಡುಗಿ ಹೆದರಿದವಳ ಹಾಗೆ ಕಾಣಲಿಲ್ಲ, ಯಾವುದೋ ಕಚೇರಿಯ ಸುತ್ತೋಲೆ ಓದುವವಳ ಹಾಗೆ ಕಂಡಳು. ಮಧ್ಯರಾತ್ರಿ ಹೊಡೆದುಕೊಳ್ಳುವುದು ಫೋನು. ಅದನ್ನು ಎತ್ತುತ್ತಾರೆ. ಮಾತು ಮುಗಿದ ಮೇಲೆ ಇಡುತ್ತಾರೆ. ಈಗ ಎತ್ತಲು ರಿಸೀವರೂ ಇಲ್ಲ, ಇಡಲು ಜಾಗವೂ ಇಲ್ಲ. ಆದರೂ 'ಫೋನ್ ಇಟ್ಟಳು' ಅನ್ನುತ್ತೇವೆ. ಮಷೀನು ಹೋದರೂ ಅದರ ಜೊತೆ ಹುಟ್ಟಿದ ಮಾತು ಉಳಿದುಬಿಟ್ಟಿದೆ. ನನಗಂತೂ ಇಂಥವು ಬಹಳ ಇಷ್ಟ.

ಫೋನನ್ನು ಹೊರಗಿಟ್ಟ ನೀನು ಕುರ್ಚಿ, ರಸ್ತೆ, ಚಾವಿಯನ್ನೆಲ್ಲ ಹಾಗೇ ಬಿಟ್ಟಿದ್ದೀಯ. ಕುರ್ಚಿ ಅರಬ್ಬಿ ಮೂಲದ್ದು. ರಸ್ತೆ ಪಾರ್ಸಿಯಿಂದ ಬಂತು, ಚಾವಿ ಪೋರ್ಚುಗೀಸರಿಂದ. ಬಂದವರ ಹಿಂದೆ ಒಂದು ಉಕಾರ ಅಂಟಿಸಿ ಒಳಗೆ ಕರೆದುಕೊಳ್ಳುವುದು ಕನ್ನಡದ ಹಳೇ ಚಾಳಿ. ಬಸ್ಸು, ಕಾರು, ಪೆನ್ನು. ಆಮೇಲೆ ಬಸ್ಸಿಗೆ, ಕಾರಿನಲ್ಲಿ, ಪೆನ್ನಿಂದ. ಕೆಲಸ ಹೇಳಬೇಕಾದರೆ 'ಮಾಡು', 'ಆಗು' ಸೇರಿಸಿದರೆ ಆಯ್ತು. ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ.

ತಲೆ ಕೆಡಿಸಿಕೊಳ್ಳಬೇಕಾದದ್ದು ಬೇರೆ ಕಡೆ. ನಿನ್ನ ಎರಡನೇ ಪುಟದಲ್ಲಿ ಹೀಗಿದೆ: 'ಅವಳು ತನ್ನ ಕೈಗಳಿಂದ ತನ್ನ ಕಣ್ಣುಗಳನ್ನು ಒರೆಸಿಕೊಂಡಳು. ಬಾಗಿಲು ಅವಳಿಂದ ತೆರೆಯಲ್ಪಟ್ಟಿತು. ಒಂದು ಮೌನ ಕೋಣೆಯನ್ನು ತುಂಬಿತು.' ಪದಗಳೆಲ್ಲ ಅಚ್ಚುಕಟ್ಟು ಕನ್ನಡ. ಮೂರೂ ವಾಕ್ಯ ಇಂಗ್ಲಿಷು. 'ಕಣ್ಣೊರೆಸಿಕೊಂಡಳು' ಅಂದರೆ ಸಾಕಲ್ಲಪ್ಪ. ಆ 'ಕೊಂಡಳು' ಅನ್ನುವುದರಲ್ಲೇ ಒರೆಸಿದ್ದು ತನ್ನ ಕಣ್ಣನ್ನೇ ಅಂತ ಬಂತು. ಕೈಯಿಂದ ಅಂತ ಬೇರೆ ಹೇಳಬೇಕಾ? ಬಾಗಿಲು ತೆಗೆದಳು. ಯಾರೂ ಮಾತಾಡಲಿಲ್ಲ. ನೋಡು, ಈಗ ಅಲ್ಲಿ ಜನ ಇದ್ದಾರೆ. ಕಾವಲಿನವನು ಮುಂಬಾಗಿಲಲ್ಲಿ ಚೀಲ ತಡಕುತ್ತಿದ್ದಾಗ ಕಳ್ಳ ಹಿತ್ತಿಲಿಂದ ಬಂದ ಹಾಗಾಗಿದೆ ನಿನ್ನ ಕತೆ.

ಇನ್ನೊಂದು ಮಾತು. ಜನ ಇಂಗ್ಲಿಷ್ ಪದ ಎಲ್ಲಿ ಬಳಸುತ್ತಾರೆ ಅಂತ ಒಂದು ವಾರ ಸುಮ್ನೆ ಕಿವಿಗೊಟ್ಟು ಕೇಳು. ಡೌಲು ತೋರಿಸಲು ಬಳಸುವವರು ಇದ್ದಾರೆ, ಅವರನ್ನು ಬಿಡು. ಬಾಯಿಬಿಟ್ಟು ಹೇಳಲು ಕಷ್ಟ ಆದಾಗ ಬರುತ್ತದಲ್ಲ, ಅದನ್ನು ಕೇಳು. 'ಸತ್ತರು' ಅನ್ನಲಾಗದೆ 'ಎಕ್ಸ್‌ಪೈರ್ ಆದ್ರು' ಅನ್ನುತ್ತಾರೆ. ಪೀರಿಯಡ್ಸ್, ಡೈವೋರ್ಸ್, ಡಿಪ್ರೆಶನ್. 'ತಪ್ಪಾಯ್ತು' ಅನ್ನುವುದಕ್ಕೆ ತಲೆ ತಗ್ಗಿಸಬೇಕು, 'ಸಾರಿ' ಅನ್ನುವುದಕ್ಕೆ ಬೇಕಾಗಿಲ್ಲ. ನಿನ್ನ ಕತೆಯ ಅಣ್ಣ ಕೊನೆಗೆ ತಂಗಿಯ ಹತ್ತಿರ 'ಕ್ಷಮಿಸು' ಅನ್ನುತ್ತಾನೆ. ಅವನು ಹಾಗನ್ನುವ ಆಸಾಮಿ ಅಲ್ಲ. ಮುಖ ಆ ಕಡೆ ತಿರುಗಿಸಿ 'ಸಾರಿ' ಅಂದಿರುತ್ತಾನೆ. ಅದನ್ನು ಕಿತ್ತು ಹಾಕಿದರೆ ಅವನನ್ನೇ ಕಿತ್ತು ಹಾಕಿದ ಹಾಗೆ.

ಫೋನಿನಲ್ಲೇ ಬರೆಯುತ್ತೇನೆ, ತಪ್ಪಾ ಅಂತ ಕೇಳಿದ್ದೀಯ. ತಪ್ಪೇನು ಬಂತು? ನಿನಗೆ ಸಿಕ್ಕ ಸೌಕರ್ಯ ನಮಗಿರಲಿಲ್ಲ. ಒಂದು ಎಸ್ಎಂಎಸ್ಸಿನಲ್ಲಿ ಇಂಗ್ಲಿಷ್ ಅಕ್ಷರವಾದರೆ 160 ಹಿಡಿಯುತ್ತಿತ್ತು. ಕನ್ನಡ ಲಿಪಿಯಾದರೆ 70 ಮಾತ್ರ. ಅದರಲ್ಲೂ 'ಸ್ತ್ರೀ' ಅನ್ನುವ ಒಂದೇ ಅಕ್ಷರ 6 ಜಾಗ ತಿನ್ನುತ್ತದೆ, ಒತ್ತು, ದೀರ್ಘ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಎಷ್ಟೋ ಫೋನುಗಳಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣುತ್ತಿದ್ದವು. ಹಾಗಾಗಿ ಎಲ್ಲರೂ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಲು ಶುರು ಮಾಡಿದೆವು. ಅಲ್ಲಿ ಲಕಾರವೂ ಒಂದೇ, ಳಕಾರವೂ ಒಂದೇ. ಹಳ್ಳಿಗೆ ಹೊರಟವನು ಹಲ್ಲಿಗೆ ಹೊರಟ. ಬೆಳೆ ಬೆಲೆಯಾಯಿತು. ಒಮ್ಮೆ ನಾನು 'ಮನೆಯೆಲ್ಲ ಕೊಳೆ, ಇವತ್ತು ಬರಕ್ಕಾಗಲ್ಲ' ಅಂತ ಗೆಳೆಯನಿಗೆ ಕಳಿಸಿದೆ. ಅವನು ಅದನ್ನು 'ಕೊಲೆ' ಅಂತ ಓದಿಕೊಂಡು ನಡುಗುತ್ತಾ ಫೋನ್ ಮಾಡಿದ. ನಾನು ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಅವನನ್ನು ಸಮಾಧಾನ ಮಾಡಬೇಕಾಯಿತು.

ಈಗ ಕಣ್ಣು ಸೋತಾಗ ನಾನೂ ಬಾಯಲ್ಲಿ ಹೇಳಿ ಫೋನಿನಿಂದ ಬರೆಸುತ್ತೇನೆ. 2017ರಲ್ಲಿ ಗೂಗಲ್ ಕನ್ನಡಕ್ಕೂ ಆ ವ್ಯವಸ್ಥೆ ತಂದಾಗ ಮಕ್ಕಳ ಹಾಗೆ ಅದರ ಜೊತೆ ಆಡಿದ್ದೆ. ಆದರೆ ಕೀಬೋರ್ಡಿನ ಮೇಲೆ ಮೂರು ಪದ ಬಂದು ನಿಲ್ಲುತ್ತವಲ್ಲ, ಅಲ್ಲಿ ಹುಷಾರು. ಜನ ಸಾಮಾನ್ಯವಾಗಿ ಮುಂದೆ ಯಾವ ಪದ ಬರೆಯುತ್ತಾರೋ ಅದನ್ನೇ ಅದು ತಂದು ಮುಂದಿಡುತ್ತದೆ. 'ಕಣ್ಣೀರು' ಅಂತ ಒತ್ತಿದರೆ 'ಸುರಿಸಿದಳು' ಅಂತ ತಯಾರಾಗಿರುತ್ತದೆ. ನಿನ್ನ ಕತೆಯಲ್ಲಿ ಮೂರು ಕಡೆ ಕಣ್ಣೀರು ಸುರಿದಿದೆ. ಅದರಲ್ಲಿ ನೀನು ಬರೆದದ್ದೆಷ್ಟು, ಫೋನ್ ಬರೆದದ್ದೆಷ್ಟು?

ಕತೆಯ ಒಳ್ಳೆಯ ಜಾಗ ಯಾವುದು ಗೊತ್ತಾ? ನಾಲ್ಕನೇ ಪುಟದ ಅಜ್ಜಿ. ಫೋನನ್ನು ಕೈಚಾಚಿ ದೂರ ಹಿಡಿದು, ಕಣ್ಣು ಕಿರಿದು ಮಾಡಿ, 'ಏನೋ ಬಂದಿದೆ ನೋಡೋ' ಅಂತ ಮೊಮ್ಮಗನಿಗೆ ಕೊಡುತ್ತಾಳೆ. ಮೆಸೇಜು ಇಂಗ್ಲಿಷಿನಲ್ಲಿದೆ. ಅವನು ನೋಡಿ, 'ಏನಿಲ್ಲ ಬಿಡಜ್ಜಿ' ಅಂತ ವಾಪಸ್ ಕೊಡುತ್ತಾನೆ. ಎರಡೇ ಸಾಲಲ್ಲಿ ದಾಟಿಬಿಟ್ಟಿದ್ದೀಯಲ್ಲೋ! ಅವಳ ದುಡ್ಡು, ಅವಳ ಫೋನು, ಅವಳಿಗೆ ಬಂದ ಮೆಸೇಜು. ಏನಿಲ್ಲ ಅಂತ ತೀರ್ಮಾನ ಮಾಡಿದವನು ಅವನು. ಓಟಿಪಿ ಬಂದರೆ ಅಂಕಿಗಳನ್ನು ಅವಳೂ ಓದಬಲ್ಲಳು. 'ಇದನ್ನು ಯಾರಿಗೂ ಹೇಳಬೇಡಿ' ಅನ್ನುವ ಪಕ್ಕದ ಸಾಲು ಅವಳಿಗೆ ಗೊತ್ತಿಲ್ಲದ ಭಾಷೆಯಲ್ಲಿರುತ್ತದೆ. ಅದನ್ನೂ ಅವನೇ ಓದಿ ಹೇಳಬೇಕು.

ಮಧ್ಯರಾತ್ರಿಯ ಫೋನನ್ನು ಬೇಕಾದರೆ ತೆಗೆದುಹಾಕು. ಈ ಅಜ್ಜಿಯ ಪಕ್ಕ ಕೂತು ಇನ್ನೊಂದು ಸಲ ಬರೆ. ಮೊಮ್ಮಗ ಆ ಮೆಸೇಜಿನಲ್ಲಿ ಏನು ಓದಿದ, 'ಏನಿಲ್ಲ' ಅನ್ನುವ ಮುಂಚೆ ಎಷ್ಟು ಹೊತ್ತು ಸುಮ್ಮನಿದ್ದ, ಅದು ನನಗೆ ಬೇಕು. ಬರೆದಾದ ಮೇಲೆ ಕಳಿಸು.

ನಿನ್ನ,
ಹಿರಿಯ ಗೆಳೆಯ